ಎರೆ ಹೊಲಕ್ಕೆ ಸಣ್ಣ ಟ್ರ್ಯಾಕ್ಟರ್: ಎಷ್ಟು ಗಂಟೆಯ ಕೆಲಸ, ಯಾವ ತಿಂಗಳ ಕಂತು

ಜನವರಿಯಲ್ಲಿ ತೊಗರಿ ರಾಶಿ ಮುಗಿದು ರೈತನ ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ಟ್ರ್ಯಾಕ್ಟರ್ ಅಂಗಡಿಗಳಿಂದ ಫೋನು ಬರಲು ಶುರುವಾಗುತ್ತದೆ. ಇಷ್ಟು ಮುಂಗಡ ಕಟ್ಟಿ, ಉಳಿದದ್ದಕ್ಕೆ ಕಂತು, ನಾಳೆಯೇ ಗಾಡಿ ನಿಮ್ಮ ಮನೆ ಮುಂದೆ. ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಚಿತ್ತಾಪುರ, ಆಳಂದ, ಭಾಲ್ಕಿ, ಶಹಾಪುರ, ಎಲ್ಲ ಕಡೆಯೂ ಇದೇ ಮಾತು. ಐದಾರು ಎಕರೆಯ ರೈತನಿಗೆ ಆಸೆ ಹುಟ್ಟುವುದರಲ್ಲಿ ತಪ್ಪೇನೂ ಇಲ್ಲ. ಎತ್ತಿನ ಜೋಡಿಯ ಬೆಲೆ ಏರಿದೆ, ಅವಕ್ಕೆ ವರ್ಷವಿಡೀ ಮೇವು ಹೊಂದಿಸಬೇಕು, ನೋಡಿಕೊಳ್ಳುವ ಆಳು ಸಿಗುವುದಿಲ್ಲ. ಬಾಡಿಗೆ ಟ್ರ್ಯಾಕ್ಟರನ್ನೇ ನಂಬಿ ಕುಳಿತರೆ, ಮಳೆ ಬಿದ್ದು ನಿಂತ ಮೇಲೆ ಊರಿಗೆ ಊರೇ ಒಬ್ಬನ ಬಾಗಿಲಿಗೆ ಹೋಗಿ ನಿಂತಿರುತ್ತದೆ. ನಮ್ಮ ಸರದಿ ಬರುವಷ್ಟರಲ್ಲಿ ಹೊಲದ ಹದ ಆರಿಹೋಗಿರುತ್ತದೆ.

ಆದರೆ ಅಂಗಡಿಗೆ ಹೋದವರು ಮೊದಲು ಕೇಳುವ ಪ್ರಶ್ನೆ ಯಾವ ಕಂಪನಿಯದು ಚೆನ್ನಾಗಿದೆ ಎಂಬುದು. ನನ್ನ ಪ್ರಕಾರ ಅದು ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ. ಅದಕ್ಕೂ ಮೊದಲು ಮನೆಯಲ್ಲೇ ಕುಳಿತು ಎರಡು ಲೆಕ್ಕ ಮಾಡಬೇಕು. ವರ್ಷಕ್ಕೆ ಎಷ್ಟು ಗಂಟೆ ಈ ಗಾಡಿಗೆ ನಿಜವಾದ ಕೆಲಸವಿದೆ? ಕಂತು ಕಟ್ಟುವ ಹಣ ಯಾವ ತಿಂಗಳು ಕೈಗೆ ಬರುತ್ತದೆ? ಈ ಎರಡಕ್ಕೆ ಉತ್ತರ ಸಿಕ್ಕರೆ ಎಷ್ಟು ಎಚ್‌ಪಿ, ಹೊಸದೋ ಹಳೆಯದೋ, ಸಾಲ ಎಲ್ಲಿ ಎಂಬುದೆಲ್ಲ ತಾನಾಗಿ ಅರ್ಧ ತೀರ್ಮಾನವಾಗುತ್ತದೆ.

ಯಾವ ಮಣ್ಣು, ಯಾವ ಕೆಲಸ

ಮಿನಿ ಟ್ರ್ಯಾಕ್ಟರ್ ಎಂದು ಮಾರುವ ಗಾಡಿಗಳು ಸಾಮಾನ್ಯವಾಗಿ 15ರಿಂದ 30 ಎಚ್‌ಪಿ ಒಳಗಿನವು. ಕಲಬುರಗಿ ಜಿಲ್ಲೆಯ ಬಹುಭಾಗ ಮತ್ತು ಯಾದಗಿರಿಯ ಸಾಕಷ್ಟು ಭಾಗ ಎರೆ ಭೂಮಿ, ಅಂದರೆ ಕಪ್ಪು ಮಣ್ಣು. ಈ ಮಣ್ಣಿನಲ್ಲಿ ಜೇಡಿಯ ಅಂಶ ಹೆಚ್ಚು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರುಕು ಬಿಡುತ್ತದೆ. ಬೇಸಿಗೆಯಲ್ಲಿ ಮಣ್ಣನ್ನು ಆಳದಿಂದ ಮಗುಚುವ ಪಲ್ಟಿ ನೇಗಿಲು ಹೊಡೆಸುವಾಗ ಎದ್ದು ಬರುವ ಹೆಂಟೆಗಳನ್ನು ನೋಡಿದವರಿಗೆ ಈ ಮಣ್ಣು ಎಷ್ಟು ಗಟ್ಟಿ ಎಂದು ಹೇಳಬೇಕಾಗಿಲ್ಲ. ಆ ಕೆಲಸಕ್ಕೆ 45–50 ಎಚ್‌ಪಿಯ ಭಾರದ ಗಾಡಿಯೇ ಬೇಕು. 20–25 ಎಚ್‌ಪಿಯ ಸಣ್ಣ ಗಾಡಿಗೆ ಅದನ್ನು ಹೇರಿದರೆ ಎಂಜಿನ್ ದಣಿಯುವುದಕ್ಕಿಂತ ಮೊದಲೇ ಚಕ್ರ ನಿಂತಲ್ಲೇ ತಿರುಗತೊಡಗುತ್ತದೆ. ಗಾಡಿಯ ತೂಕ ಕಡಿಮೆ ಇರುವುದರಿಂದ ನೆಲಕ್ಕೆ ಹಿಡಿತ ಸಿಗುವುದಿಲ್ಲ. ಡೀಸೆಲ್ ಸುಡುತ್ತದೆ, ಟೈರ್ ಸವೆಯುತ್ತದೆ, ನೇಗಿಲು ಮಾತ್ರ ಮುಂದೆ ಸರಿಯುವುದಿಲ್ಲ.

ಹಾಗಾಗಿ ಎರೆ ಹೊಲದವರಿಗೆ ನನ್ನ ಮಾತು ಇದು: ಆಳದ ಉಳುಮೆಗೆಂದು ಸಣ್ಣ ಟ್ರ್ಯಾಕ್ಟರ್ ಕೊಳ್ಳಬೇಡಿ. ನೇಗಿಲು ಹೊಡೆಸುವುದು ಪ್ರತಿ ವರ್ಷದ ಕೆಲಸವೂ ಅಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಒಂದೆರಡು ದಿನದಲ್ಲಿ ಮುಗಿಯುವ ಆ ಕೆಲಸವನ್ನು ದೊಡ್ಡ ಗಾಡಿಯವರಿಗೆ ಬಾಡಿಗೆಗೆ ಕೊಟ್ಟುಬಿಡಿ. ಸಣ್ಣ ಗಾಡಿ ಇರುವುದು ಹರಗಲು (ಮೇಲ್ಮಣ್ಣು ಸಡಿಲಿಸಲು), ಬಿತ್ತಲು, ಎಡೆ ಹೊಡೆಯಲು (ಬೆಳೆಯ ಸಾಲುಗಳ ನಡುವೆ ಕಳೆ ತೆಗೆಯಲು), ಔಷಧ ಸಿಂಪಡಿಸಲು, ಗೊಬ್ಬರ ಮತ್ತು ಫಸಲು ಸಾಗಿಸಲು. ಇವೇ ಮತ್ತೆ ಮತ್ತೆ ಬರುವ ಕೆಲಸಗಳು, ಆಳು ಸಿಗದೆ ನಾವು ಪರದಾಡುವ ಕೆಲಸಗಳೂ ಇವೇ.

ಎಡೆ ಹೊಡೆಯುವುದನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ, ಏಕೆಂದರೆ ಸಣ್ಣ ಗಾಡಿ ಕೊಂಡವರಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ. ನಮ್ಮಲ್ಲಿ ತೊಗರಿಯನ್ನು ಮೂರು ಅಡಿ ಸಾಲಿನಲ್ಲಿ ಬಿತ್ತುವವರು ಬಹಳ. ಇಲ್ಲಿ ಟ್ರ್ಯಾಕ್ಟರ್ ಎರಡು ಸಾಲುಗಳ ನಡುವೆ ಹೋಗುವುದಿಲ್ಲ, ಒಂದು ಸಾಲನ್ನು ಹೊಟ್ಟೆಯ ಕೆಳಗೆ ಬಿಟ್ಟುಕೊಂಡು ಅದರ ಎರಡೂ ಪಕ್ಕದ ಸಾಲುಗಂಡಿಯಲ್ಲಿ ಚಕ್ರ ಇಟ್ಟು ಹೋಗುತ್ತದೆ. ಒಂದು ಚಕ್ರದ ನಡುಭಾಗದಿಂದ ಇನ್ನೊಂದು ಚಕ್ರದ ನಡುಭಾಗಕ್ಕೆ ಇರುವ ಅಂತರವೂ ಆಗ ಮೂರು ಅಡಿಯೇ ಆಗಬೇಕು, ಅಂದರೆ 90 ಸೆಂಟಿಮೀಟರ್. ಸಣ್ಣ ಗಾಡಿಗಳಿಗೆ ಬರುವ 8.3 ಅಂಗುಲದ ಹಿಂದಿನ ಟೈರ್ ಸುಮಾರು 21 ಸೆಂಟಿಮೀಟರ್ ಜಾಗ ಹಿಡಿದರೆ ಎರಡೂ ಬದಿಗೆ ಮೂವತ್ತು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು ಉಳಿಯುತ್ತದೆ. ಗಿಡ ಚಿಕ್ಕದಿರುವಾಗ ಇಷ್ಟು ಸಾಕು. ಆದರೆ ಗಾಡಿಯ ಹೊಟ್ಟೆಗೂ ನೆಲಕ್ಕೂ ಇರುವ ಎತ್ತರ ಹೆಚ್ಚೆಂದರೆ ಒಂದು ಅಡಿಯ ಆಸುಪಾಸು. ತೊಗರಿ ಅದನ್ನು ದಾಟಿ ಬೆಳೆದ ಮೇಲೆ ಗಾಡಿ ಒಳಗೆ ಹೋದರೆ ಸುಳಿ ಮುರಿಯುತ್ತದೆ. ಆಮೇಲೂ ಎಡೆ ಹೊಡೆಯಬೇಕು, ಔಷಧ ಹೊಡೆಯಬೇಕು ಎಂದರೆ ಗಾಡಿ ಸಾಲುಗಳ ನಡುವೆಯೇ ಓಡಬೇಕು. ಅದಕ್ಕೆ ಸಾಲಿನ ಅಂತರ ಐದಾರು ಅಡಿ ಬೇಕು. ಸಸಿ ಬೆಳೆಸಿ ನೆಡುವ ನಾಟಿ ತೊಗರಿ ಮಾಡುವವರು ಆ ಅಂತರವನ್ನೇ ಇಡುತ್ತಾರೆ.

ಇದರ ಅರ್ಥ, ಗಾಡಿ ಕೊಳ್ಳುವವರು ಬಿತ್ತುವ ಪದ್ಧತಿಯನ್ನೂ ಅದಕ್ಕೆ ಹೊಂದಿಸಿಕೊಳ್ಳಬೇಕು. ಅಂಗಡಿಗೆ ಹೋಗುವಾಗ ಅಳತೆ ಟೇಪು ಒಯ್ಯಿರಿ. ಒಟ್ಟು ಅಗಲ, ಚಕ್ರಗಳ ನಡುವಿನ ಅಂತರ, ಅದನ್ನು ಎಷ್ಟರವರೆಗೆ ಹೆಚ್ಚು ಕಡಿಮೆ ಮಾಡಬಹುದು, ಹೊಟ್ಟೆಯ ಎತ್ತರ, ಇವಿಷ್ಟನ್ನು ನೀವೇ ಅಳೆದುಕೊಳ್ಳಿ. ಬಣ್ಣ, ಬಂಪರ್, ಮೇಲಿನ ಹುಡ್ಡು ಇವುಗಳಿಂದ ಒಂದು ಗುಂಟೆ ಹೊಲದ ಕೆಲಸವೂ ಆಗುವುದಿಲ್ಲ.

ಬೀದರ್ ಕಡೆ ಲೆಕ್ಕ ಬೇರೆ. ಅಲ್ಲಿ ಕೆಂಪು ಮಣ್ಣೂ ಇದೆ, ಎರೆಯೂ ಇದೆ. ಸೋಯಾ, ಉದ್ದು, ಹೆಸರಿನ ಜೊತೆಗೆ ಕಬ್ಬು ಬಹಳ. ಕಬ್ಬಿನ ಅಗಲ ಸಾಲಿನಲ್ಲಿ ಕಳೆ ತೆಗೆಯಲು, ಬುಡಕ್ಕೆ ಮಣ್ಣು ಏರಿಸಲು ಸಣ್ಣ ಗಾಡಿಯಷ್ಟು ಅನುಕೂಲದ ಸಾಧನ ಇನ್ನೊಂದಿಲ್ಲ. ಆದರೆ ಕಡಿದ ಕಬ್ಬನ್ನು ಕಾರ್ಖಾನೆಗೆ ಎಳೆಯುವ ಕೆಲಸಕ್ಕೆ ಅದನ್ನು ಹೂಡಬಾರದು. ತುಂಬಿದ ಟ್ರಾಲಿ ಇಳಿಜಾರಿನಲ್ಲಿ ಹಿಂದಿನಿಂದ ತಳ್ಳತೊಡಗಿದರೆ ಹಗುರ ಗಾಡಿಯ ಬ್ರೇಕು ತಡೆಯುವುದಿಲ್ಲ; ಇದು ಪ್ರಾಣಕ್ಕೆ ಬರುವ ವಿಷಯ. ಯಾದಗಿರಿಯ ಶಹಾಪುರ, ಸುರಪುರ, ಹುಣಸಗಿ ಕಡೆ ನಾರಾಯಣಪುರ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಮಾಡುವವರಿಗೆ ಕೆಸರು ಗದ್ದೆಯ ಕೆಲಸ ಮುಖ್ಯ. ಅಲ್ಲಿ ಹಗುರವಾಗಿರುವುದೇ ಲಾಭ, ಗಾಡಿ ಹೂಳುವುದು ಕಡಿಮೆ. ಆದರೆ ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವ ಮಾದರಿಯೇ ಇರಲಿ. ಕಮಲಾಪುರದ ಕೆಂಪು ಬಾಳೆಯವರಿಗೆ, ತರಕಾರಿ, ಪಪ್ಪಾಯಿ ತೋಟದವರಿಗೆ 15–18 ಎಚ್‌ಪಿಯ ಕಿರಿದಾದ ಗಾಡಿಯೂ ಸಾಕಾಗುತ್ತದೆ.

ಎಚ್‌ಪಿ ಎಂಬ ಅಂಕಿಯ ಹಿಂದೆ

ಗಾಡಿಯ ಮೇಲೆ ಬರೆದಿರುವ ಎಚ್‌ಪಿ ಎಂಜಿನ್ನಿನದು. ಮಣ್ಣು ಪುಡಿ ಮಾಡುವ ರೋಟವೇಟರ್, ಸ್ಪ್ರೇಯರ್ ತಿರುಗಿಸುವ ಹಿಂದಿನ ಶಾಫ್ಟಿಗೆ ತಲುಪುವ ಶಕ್ತಿ ಅದಕ್ಕಿಂತ ಸಾಮಾನ್ಯವಾಗಿ ಶೇ 10ರಿಂದ 20ರಷ್ಟು ಕಡಿಮೆ. ಅದನ್ನು ಪಿಟಿಒ ಎಚ್‌ಪಿ ಎನ್ನುತ್ತಾರೆ. ಉಪಕರಣ ಆರಿಸುವಾಗ ನೋಡಬೇಕಾದದ್ದು ಈ ಎರಡನೆಯ ಅಂಕಿಯನ್ನು. ಸರ್ಕಾರದ ಸಹಾಯಧನದ ಮಿತಿಯನ್ನೂ ಪಿಟಿಒ ಎಚ್‌ಪಿ ಲೆಕ್ಕದಲ್ಲೇ ಹೇಳುತ್ತಾರೆ. ಮಧ್ಯಪ್ರದೇಶದ ಬುಧ್ನಿಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ಇದೆ. ಅಲ್ಲಿ ಪರೀಕ್ಷೆಯಾದ ಮಾದರಿಗೆ ಪಿಟಿಒ ಶಕ್ತಿ, ಗಂಟೆಗೆ ಸುಡುವ ಡೀಸೆಲ್, ಎಳೆಯುವ ಬಲ, ಎತ್ತುವ ಭಾರ ಎಲ್ಲವನ್ನೂ ಅಳೆದು ಬರೆದ ವರದಿ ಇರುತ್ತದೆ. ಅಂಗಡಿಯವರ ಬಣ್ಣದ ಕರಪತ್ರ ಬದಿಗಿಟ್ಟು ಆ ವರದಿ ತೋರಿಸಿ ಎಂದು ಕೇಳಿ.

ಸಿಂಗಲ್ ಸಿಲಿಂಡರಿನ 15 ಎಚ್‌ಪಿ ಗಾಡಿಗಳು, ಉದಾಹರಣೆಗೆ ಸ್ವರಾಜ್ 717 ಅಥವಾ ಮಹೀಂದ್ರ ಯುವರಾಜ್ 215, ಸರಳ ಮತ್ತು ಅಗ್ಗ. ತೋಟಕ್ಕೆ, ಕಡಿಮೆ ಎಕರೆಗೆ, ಸಣ್ಣ ಟ್ರಾಲಿಗೆ ಅವು ಆಗಬಹುದು. ಎರೆ ಹೊಲದಲ್ಲಿ ಬಿತ್ತನೆ ಮತ್ತು ಎಡೆ ಎರಡನ್ನೂ ಮಾಡಬೇಕಾದವರಿಗೆ ಎರಡು ಅಥವಾ ಮೂರು ಸಿಲಿಂಡರಿನ, ನಾಲ್ಕು ಚಕ್ರಕ್ಕೂ ಎಳೆತವಿರುವ 24–28 ಎಚ್‌ಪಿಯ ಗಾಡಿಯೇ ಸೂಕ್ತ. ಮಹೀಂದ್ರ ಜೀವೋ 245, ಕುಬೋಟ ಬಿ2441 ಈ ಬಗೆಯವು. ಹೊಸ ಗಾಡಿಯ ಬೆಲೆ ಎಚ್‌ಪಿ ನೋಡಿಕೊಂಡು ಸುಮಾರು ಮೂರೂವರೆ ಲಕ್ಷದಿಂದ ಆರು ಲಕ್ಷದ ಆಸುಪಾಸಿನಲ್ಲಿದೆ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ, ಟೈರಿನದು ಶೇ 18ರಿಂದ 5ಕ್ಕೆ ಇಳಿದಿದೆ. ಹಳೆಯ ದರಪಟ್ಟಿ ಹಿಡಿದು ಮಾತನಾಡುವವರಿದ್ದರೆ ಇದನ್ನು ನೆನಪಿಸಿ.

ಬ್ರ್ಯಾಂಡ್ ಯಾವುದಾದರೂ ಇರಲಿ, ಗಾಡಿಯನ್ನು ನಿಮ್ಮ ಹೊಲಕ್ಕೆ ತರಿಸಿ ಓಡಿಸಿ ನೋಡದೆ ಹಣ ಕೊಡಬೇಡಿ. ಅಂಗಡಿಯ ಹಿಂದಿನ ಸಡಿಲ ಮಣ್ಣಿನಲ್ಲಿ ಎಲ್ಲ ಗಾಡಿಗಳೂ ಚೆನ್ನಾಗಿಯೇ ಓಡುತ್ತವೆ. ಹೊಲದಲ್ಲಿ ಮಾಡಬಹುದಾದ ಸುಲಭದ ಪರೀಕ್ಷೆ ಒಂದಿದೆ. ಹಿಂದಿನ ಟೈರಿಗೆ ಸೀಮೆಸುಣ್ಣದಿಂದ ಗುರುತು ಹಾಕಿ. ಉಪಕರಣ ಎತ್ತಿಕೊಂಡು, ಚಕ್ರ ಹತ್ತು ಸುತ್ತು ತಿರುಗುವಷ್ಟು ದೂರ ಓಡಿಸಿ ಆ ದೂರ ಅಳೆಯಿರಿ. ಆಮೇಲೆ ಹರಗುವ ಹಲ್ಲುಗಳಿರುವ ಕಲ್ಟಿವೇಟರನ್ನು ನಿಮಗೆ ಬೇಕಾದ ಆಳಕ್ಕೆ ಇಳಿಸಿ ಮತ್ತೆ ಹತ್ತು ಸುತ್ತು ಓಡಿಸಿ. ಮೊದಲ ಸಲ 30 ಮೀಟರ್ ಹೋಗಿದ್ದು, ಎರಡನೆಯ ಸಲ 26 ಮೀಟರ್ ಹೋದರೆ ಜಾರಿಕೆ ಶೇ 13ರಷ್ಟು. ಅದು ಸರಿಯಾದ ಮಟ್ಟ. 23 ಮೀಟರಿಗೇ ನಿಂತರೆ ಶೇ 23 ದಾಟಿತು, ಆ ಮಣ್ಣಿನಲ್ಲಿ ಆ ಉಪಕರಣ ಆ ಗಾಡಿಗೆ ಭಾರ. ಹಿಂದಿನ ಟೈರಿಗೆ ನೀರು ತುಂಬಿಸಿ, ಚಕ್ರಕ್ಕೆ ಕಬ್ಬಿಣದ ಭಾರ ಕಟ್ಟಿ ಹಿಡಿತ ಸ್ವಲ್ಪ ಹೆಚ್ಚಿಸಬಹುದು. ಅದಕ್ಕೂ ಆಗದಿದ್ದರೆ ಕಲ್ಟಿವೇಟರಿನ ಹಲ್ಲುಗಳನ್ನು ಕಡಿಮೆ ಮಾಡಬೇಕು, ಇಲ್ಲವೇ ದೊಡ್ಡ ಗಾಡಿ ನೋಡಬೇಕು. ಇದೇ ಹೊತ್ತಿನಲ್ಲಿ ಮುಂದಿನ ಚಕ್ರ ನೆಲ ಬಿಟ್ಟು ಏಳುತ್ತಿದೆಯೇ, ಬದುವಿನ ಹತ್ತಿರ ಎಷ್ಟು ಜಾಗದಲ್ಲಿ ತಿರುಗುತ್ತದೆ ಎಂಬುದನ್ನೂ ನೋಡಿಕೊಳ್ಳಿ. ಅಗಲ ಕಡಿಮೆ ಇರುವ ಗಾಡಿ ಬದು ಏರುವಾಗ ಬೇಗ ಮಗುಚುತ್ತದೆ. ಚಾಲಕನ ಹಿಂದೆ ರಕ್ಷಣಾ ಕಂಬಿ ಇರುವ ಮಾದರಿ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ.

ಸರ್ವಿಸ್ ಬಗ್ಗೆ ಒಂದೇ ಮಾತು: ಮೆಕ್ಯಾನಿಕ್ ನಿಮ್ಮ ತಾಲ್ಲೂಕಿನಲ್ಲೇ ಇರಬೇಕು. ಜುಲೈ ತಿಂಗಳ ಎಡೆಯ ಹೊತ್ತಿನಲ್ಲಿ ಗಾಡಿ ಕೆಟ್ಟು, ಬಿಡಿಭಾಗ ಹೈದರಾಬಾದಿನಿಂದಲೋ ಸೊಲ್ಲಾಪುರದಿಂದಲೋ ಬರುವವರೆಗೆ ಕಾಯುವಂತಾದರೆ ಉಳಿತಾಯವೆಲ್ಲ ಕಳೆಯಲ್ಲೇ ಹೋಗುತ್ತದೆ.

ಗಂಟೆಯ ಲೆಕ್ಕ

ಈಗ ಮೊದಲ ಲೆಕ್ಕಕ್ಕೆ ಬರೋಣ. ಗಾಡಿ 5 ಲಕ್ಷ, ಕಲ್ಟಿವೇಟರ್, ಕೂರಿಗೆ, ಸಣ್ಣ ರೋಟವೇಟರ್ ಇತ್ಯಾದಿ ಸೇರಿ 1 ಲಕ್ಷ, ಒಟ್ಟು 6 ಲಕ್ಷ ಎಂದು ಹಿಡಿಯೋಣ. ಇದರಲ್ಲಿ 2 ಲಕ್ಷ ಕೈಯಿಂದ, 4 ಲಕ್ಷ ಸಾಲ. ಹತ್ತು ವರ್ಷ ಓಡಿಸಿ 2 ಲಕ್ಷಕ್ಕೆ ಮಾರಿದರೆ ವರ್ಷಕ್ಕೆ 40 ಸಾವಿರದಂತೆ ಬೆಲೆ ಸವೆಯುತ್ತದೆ. ಶೇ 9ರ ಬಡ್ಡಿಯಲ್ಲಿ ಐದು ವರ್ಷಕ್ಕೆ ಕಟ್ಟುವ ಬಡ್ಡಿಯನ್ನು ಹತ್ತು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಹತ್ತೂವರೆ ಸಾವಿರ. ವಿಮೆ, ಆಯಿಲ್, ಸರ್ವಿಸ್, ಟೈರು, ಬ್ಯಾಟರಿ ಎಲ್ಲ ಸರಾಸರಿ 20 ಸಾವಿರ. ಕೈಯಿಂದ ಹಾಕಿದ 2 ಲಕ್ಷಕ್ಕೆ ಬಡ್ಡಿ ಹಿಡಿಯದೆಯೂ ವರ್ಷಕ್ಕೆ ಎಪ್ಪತ್ತು ಸಾವಿರ ಆಗಿಯೇ ಆಗುತ್ತದೆ, ಗಾಡಿ ಓಡಲಿ, ಅಂಗಳದಲ್ಲಿ ನಿಂತಿರಲಿ.

ಐದು ಎಕರೆ ಒಣಬೇಸಾಯದ ತೊಗರಿಗೆ ಕೆಲಸ ಎಷ್ಟು? ಎರಡು ಸಲ ಹರಗುವುದು, ಒಂದು ಸಲ ಬಿತ್ತನೆ, ಮೂರು ಸಲ ಎಡೆ. ಎಕರೆಗೆ ಗಂಟೆಯಂತೆ ಹಿಡಿದರೆ 30 ಗಂಟೆ. ಸಿಂಪಡಣೆ, ಗೊಬ್ಬರ, ಫಸಲು ಸಾಗಣೆ ಸೇರಿಸಿದರೂ 60 ಗಂಟೆ ದಾಟುವುದು ಕಷ್ಟ. ಎಪ್ಪತ್ತು ಸಾವಿರವನ್ನು 60 ಗಂಟೆಗೆ ಹಂಚಿದರೆ ಗಂಟೆಗೆ 1,170 ರೂಪಾಯಿ ಸಮೀಪ. ಗಂಟೆಗೆ ಎರಡೂವರೆ ಲೀಟರ್ ಡೀಸೆಲ್, ಲೀಟರಿಗೆ 90 ರೂಪಾಯಿಯಂತೆ 225 ಸೇರಿದರೆ ಸುಮಾರು 1,400 ರೂಪಾಯಿ. ಅದೇ ಗಾಡಿ 300 ಗಂಟೆ ಓಡಿದರೆ ಡೀಸೆಲ್ ಸೇರಿ ಗಂಟೆಗೆ 460 ರೂಪಾಯಿಗೆ ಇಳಿಯುತ್ತದೆ. ನಿಮ್ಮ ಊರಿನ ಬಾಡಿಗೆ ಗಂಟೆಗೆ 800 ಎಂದಾದರೆ ಸುಮಾರು 120 ಗಂಟೆಯ ಕೆಲಸವಿದ್ದರೆ ಮಾತ್ರ ಸ್ವಂತ ಗಾಡಿ ಮತ್ತು ಬಾಡಿಗೆ ಗಾಡಿ ಸರಿಸಮ. ಇಲ್ಲಿ ನಾನು ಹಿಡಿದ ಅಂಕಿಗಳ ಜಾಗದಲ್ಲಿ ನಿಮ್ಮವನ್ನು ಇಟ್ಟು ನೋಡಿ. ಫಲಿತಾಂಶ ಬದಲಾಗಬಹುದು, ಲೆಕ್ಕದ ದಾರಿ ಬದಲಾಗುವುದಿಲ್ಲ.

ಹದಕ್ಕೆ ಸರಿಯಾಗಿ ಬಿತ್ತಿದ್ದರಿಂದ ಹೆಚ್ಚಿದ ಇಳುವರಿ ಈ ಲೆಕ್ಕದಲ್ಲಿ ಬರುವುದಿಲ್ಲ. ಅದು ಸಣ್ಣ ಲಾಭವಲ್ಲ. ಎರೆ ಹೊಲ ಹಸಿ ಇದ್ದರೆ ಗಾಡಿ ಇಳಿಯುವಂತಿಲ್ಲ, ಒಣಗಿದರೆ ಕುಂಟೆ ಇಳಿಯುವುದಿಲ್ಲ, ನಡುವೆ ಸಿಗುವ ದಿನಗಳು ಕೆಲವೇ. ಆದರೂ ಐದೇ ಎಕರೆ ಒಣಬೇಸಾಯವಿದ್ದು, ಅಕ್ಕಪಕ್ಕದವರ ಹೊಲಕ್ಕೆ ಬಾಡಿಗೆಗೆ ಹೋಗುವ ಮನಸ್ಸಿಲ್ಲದವರು ಸಾಲ ಮಾಡಿ ಹೊಸ ಗಾಡಿ ಕೊಳ್ಳುವುದು ಬೇಡ ಎಂದೇ ನಾನು ಹೇಳುತ್ತೇನೆ. ಅವರಿಗೆ ಯಂತ್ರಗಳನ್ನು ಬಾಡಿಗೆಗೆ ಕೊಡುವ ಹೋಬಳಿ ಮಟ್ಟದ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಮುಂಚಿತವಾಗಿ ಹೆಸರು ಬರೆಸುವುದು, ಅಥವಾ ಅಣ್ಣತಮ್ಮಂದಿರು ಇಬ್ಬರು ಮೂವರು ಸೇರಿ ಒಂದು ಗಾಡಿ ಕೊಳ್ಳುವುದು ಒಳ್ಳೆಯ ದಾರಿ. ಸೇರಿ ಕೊಳ್ಳುವವರು ಬಿತ್ತನೆಯ ಹೊತ್ತಿನಲ್ಲಿ ಯಾರ ಹೊಲಕ್ಕೆ ಮೊದಲು ಎಂಬುದನ್ನು ಮೊದಲೇ ಕಾಗದದ ಮೇಲೆ ಬರೆದುಕೊಳ್ಳಲಿ. ಹತ್ತು ಹನ್ನೆರಡು ಎಕರೆ ಇರುವವರು, ನೀರಾವರಿಯಲ್ಲಿ ಎರಡು ಬೆಳೆ ತೆಗೆಯುವವರು, ಮನೆಯಲ್ಲಿ ಓಡಿಸುವ ಮಗನಿದ್ದು ಬಾಡಿಗೆಗೂ ಹೋಗುವವರು ಧೈರ್ಯವಾಗಿ ಕೊಳ್ಳಬಹುದು. ಎತ್ತು ಕಡಿಮೆಯಾದ ಊರುಗಳಲ್ಲಿ ಎಡೆ ಹೊಡೆಯುವ ಸಣ್ಣ ಗಾಡಿಗೆ ಬೇಡಿಕೆ ಇದ್ದೇ ಇರುತ್ತದೆ. ಆ ಬಾಡಿಗೆಯಲ್ಲಿ ಒಂದು ಪಾಲು ಉದ್ರಿ, ಅದು ರಾಶಿಯ ನಂತರವೇ ಕೈಗೆ ಬರುತ್ತದೆ ಎಂಬುದನ್ನು ಮಾತ್ರ ಮರೆಯಬಾರದು.

ಹಳೆಯ ಗಾಡಿ ನೋಡುವವರಿಗೆ ಎರಡು ಎಚ್ಚರಿಕೆ. ಒಂದು ಯಂತ್ರದ್ದು: ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ ಹೊಗೆಯ ಬಣ್ಣ ನೋಡಿ, ಭಾರದ ಉಪಕರಣ ಎತ್ತಿಸಿ ಅರ್ಧ ಗಂಟೆ ಹಾಗೆಯೇ ಬಿಟ್ಟು ಹೈಡ್ರಾಲಿಕ್ ಇಳಿಯುತ್ತದೆಯೇ ನೋಡಿ, ನಿಮ್ಮದೇ ಮೆಕ್ಯಾನಿಕನನ್ನು ಕರೆದೊಯ್ಯಿರಿ. ಇನ್ನೊಂದು ಕಾಗದದ್ದು: ಆರ್‌ಸಿಯಲ್ಲಿ ಸಾಲದಾತರ ಹೆಸರು ಇನ್ನೂ ಇದ್ದರೆ, ಚಾಸಿ ಸಂಖ್ಯೆ ಆರ್‌ಸಿಯದಕ್ಕೆ ಹೊಂದದಿದ್ದರೆ ಎಷ್ಟೇ ಅಗ್ಗವಾಗಿದ್ದರೂ ಬಿಟ್ಟು ಬನ್ನಿ. ಟ್ರಾಲಿಗೆ ಬೇರೆಯದೇ ನೋಂದಣಿ ಇರುತ್ತದೆ, ಅದನ್ನೂ ಕೇಳಿ.

ಶೇ 9 ಎಂದರೆ ಎಷ್ಟು

ಸಾಲದ ವಿಷಯದಲ್ಲಿ ಬಡ್ಡಿಯ ದರಕ್ಕಿಂತ ಬಡ್ಡಿಯ ಬಗೆ ಮುಖ್ಯ. ಅಂಗಡಿಯಲ್ಲಿ ಕುಳಿತ ಫೈನಾನ್ಸಿನವರು ಶೇ 9 ಎಂದರು, ಬ್ಯಾಂಕಿನವರೂ ಶೇ 9 ಎಂದರು ಎಂದಿಟ್ಟುಕೊಳ್ಳಿ. ಎರಡೂ ಒಂದೇ ಅಲ್ಲದಿರಬಹುದು.

ನಾಲ್ಕು ಲಕ್ಷ ಸಾಲ, ಐದು ವರ್ಷ, ಆರು ತಿಂಗಳಿಗೊಂದರಂತೆ ಹತ್ತು ಕಂತು. ಫ್ಲಾಟ್ ಬಡ್ಡಿ ಎಂದರೆ ನಾಲ್ಕು ಲಕ್ಷಕ್ಕೂ ಐದೂ ವರ್ಷ ಪೂರ್ತಿ ಬಡ್ಡಿ: 4 ಲಕ್ಷಕ್ಕೆ ವರ್ಷಕ್ಕೆ 36 ಸಾವಿರ, ಐದು ವರ್ಷಕ್ಕೆ 1,80,000. ಒಟ್ಟು 5,80,000, ಕಂತು 58,000. ನೀವು ಅರ್ಧ ಅಸಲು ತೀರಿಸಿದ ಮೇಲೂ ತೀರಿಸಿದ ಹಣಕ್ಕೇ ಬಡ್ಡಿ ಕಟ್ಟುತ್ತಿರುತ್ತೀರಿ. ಇಳಿಕೆ ಬಡ್ಡಿಯಲ್ಲಿ ಬಾಕಿ ಉಳಿದ ಅಸಲಿಗೆ ಮಾತ್ರ ಬಡ್ಡಿ. ಅದೇ ಶೇ 9ಕ್ಕೆ ಕಂತು ಸುಮಾರು 50,550, ಒಟ್ಟು ಬಡ್ಡಿ 1,05,500ರ ಹತ್ತಿರ. ವ್ಯತ್ಯಾಸ ಎಪ್ಪತ್ತನಾಲ್ಕು ಸಾವಿರ ರೂಪಾಯಿ. ಇನ್ನೊಂದು ರೀತಿ ಹೇಳುವುದಾದರೆ ಫ್ಲಾಟ್ ಶೇ 9 ಎಂಬುದು ಇಳಿಕೆ ಲೆಕ್ಕದಲ್ಲಿ ಶೇ 15ರ ಹತ್ತಿರಕ್ಕೆ ಬರುತ್ತದೆ. ಫೈಲ್ ಶುಲ್ಕ, ದಾಖಲೆ ಶುಲ್ಕ, ಕೇಳದೆಯೇ ಸೇರಿಸಿದ ಜೀವ ವಿಮೆ ಬೇರೆ. ಹಾಗಾಗಿ ಬಡ್ಡಿ ಎಷ್ಟು ಎಂದು ಕೇಳುವುದರ ಬದಲು ನನ್ನ ಕೈಗೆ ಎಷ್ಟು ಬರುತ್ತದೆ, ಕೊನೆಯವರೆಗೆ ಒಟ್ಟು ಎಷ್ಟು ಕಟ್ಟಬೇಕು ಎಂದು ಕೇಳಿ, ಬರೆಸಿಕೊಳ್ಳಿ. ಎಲ್ಲ ಶುಲ್ಕ ಸೇರಿದ ವಾರ್ಷಿಕ ದರವನ್ನು ಒಂದೇ ಹಾಳೆಯಲ್ಲಿ ತೋರಿಸುವ ಮುಖ್ಯಾಂಶ ಪತ್ರವನ್ನು ರಿಸರ್ವ್ ಬ್ಯಾಂಕ್ 2024ರ ಅಕ್ಟೋಬರ್ 1ರಿಂದ ಹೊಸ ಚಿಲ್ಲರೆ ಸಾಲಗಳಿಗೆ ಕಡ್ಡಾಯ ಮಾಡಿದೆ. ನೀವೂ ಆ ಪತ್ರ ಕೇಳಿ ಪಡೆಯಿರಿ. ಖಾಲಿ ಚೆಕ್ಕಿಗೆ, ಖಾಲಿ ಅರ್ಜಿಗೆ ಸಹಿ ಹಾಕಬೇಡಿ.

ಸಾಲಕ್ಕೆ ಮೊದಲು ತಟ್ಟಬೇಕಾದ ಬಾಗಿಲು ಸಹಕಾರಿ ಬ್ಯಾಂಕಿನದು. ರಾಜ್ಯ ಸರ್ಕಾರದ ಯೋಜನೆಯಲ್ಲಿ ಸಹಕಾರ ಸಂಸ್ಥೆಗಳ ಮೂಲಕ ರೈತರಿಗೆ ಮಧ್ಯಮಾವಧಿ ಮತ್ತು ದೀರ್ಘಾವಧಿ ಸಾಲ ಶೇ 3ರ ಬಡ್ಡಿಗೆ ಸಿಗುತ್ತದೆ. 2023–24ರ ಬಜೆಟ್ಟಿನಲ್ಲಿ ಅದರ ಮಿತಿಯನ್ನು 10 ಲಕ್ಷದಿಂದ 15 ಲಕ್ಷಕ್ಕೆ ಏರಿಸಲಾಯಿತು. ಅದೇ ನಾಲ್ಕು ಲಕ್ಷಕ್ಕೆ ಶೇ 3ರಂತೆ ಕಂತು 43,400ರ ಹತ್ತಿರ, ಐದು ವರ್ಷದ ಒಟ್ಟು ಬಡ್ಡಿ 34 ಸಾವಿರವೂ ಆಗುವುದಿಲ್ಲ. ಜಿಲ್ಲಾ ಕೇಂದ್ರ ಸಹಕಾರಿ (ಡಿಸಿಸಿ) ಬ್ಯಾಂಕಿನಲ್ಲಿ, ತಾಲ್ಲೂಕಿನ ಭೂ ಅಭಿವೃದ್ಧಿ (ಪಿಎಲ್‌ಡಿ) ಬ್ಯಾಂಕಿನಲ್ಲಿ ಟ್ರ್ಯಾಕ್ಟರಿಗೆ ಈ ಸಾಲ ಕೊಡುತ್ತಿದ್ದಾರೆಯೇ ಎಂದು ವಿಚಾರಿಸಿ. ಅಲ್ಲಿ ಹಣದ ಕೊರತೆ ಇರುತ್ತದೆ, ಓಡಾಟ ಹೆಚ್ಚು, ಕಂತು ತಪ್ಪಿದರೆ ಬಡ್ಡಿ ರಿಯಾಯಿತಿಯೂ ತಪ್ಪುತ್ತದೆ. ಆದರೂ ಫ್ಲಾಟ್ ಶೇ 9ಕ್ಕೆ ಹೋಲಿಸಿದರೆ ಸಿಗುವ ಒಂದೂವರೆ ಲಕ್ಷದ ಮಟ್ಟದ ವ್ಯತ್ಯಾಸಕ್ಕಾಗಿ ನಾಲ್ಕು ಸಲ ಹೆಚ್ಚಿಗೆ ಓಡಾಡುವುದು ಖಂಡಿತ ದಂಡವಲ್ಲ. ಅಲ್ಲಿ ಆಗದಿದ್ದರೆ ರಾಷ್ಟ್ರೀಕೃತ ಬ್ಯಾಂಕು ಅಥವಾ ಕರ್ನಾಟಕ ಗ್ರಾಮೀಣ ಬ್ಯಾಂಕು. ಫೈನಾನ್ಸ್ ಕಂಪನಿ ಕೊನೆಯ ಆಯ್ಕೆ. ಅವರು ಹೊಲದ ಅಡಮಾನ ಕೇಳದೆ ಬೇಗ ಸಾಲ ಕೊಡುತ್ತಾರೆ, ಆ ಅವಸರದ ಬೆಲೆಯನ್ನು ಬಡ್ಡಿಯಲ್ಲಿ ವಸೂಲು ಮಾಡುತ್ತಾರೆ.

ಬ್ಯಾಂಕಿನವರು ಹೊಲದ ಅಡಮಾನ ಕೇಳುವುದು ಸಹಜ. ಕೃಷಿ ಸಾಲದಲ್ಲಿ ಅಡಮಾನವಿಲ್ಲದ ಮಿತಿಯನ್ನು ರಿಸರ್ವ್ ಬ್ಯಾಂಕ್ 2025ರ ಜನವರಿ 1ರಿಂದ 1.6 ಲಕ್ಷದಿಂದ 2 ಲಕ್ಷಕ್ಕೆ ಏರಿಸಿದೆ; ಟ್ರ್ಯಾಕ್ಟರ್ ಸಾಲ ಅದನ್ನು ಮೀರುತ್ತದೆ. ಇದ್ದ ಹೊಲವನ್ನೆಲ್ಲ ಬರೆದುಕೊಡದೆ ಸಾಲಕ್ಕೆ ತಕ್ಕಷ್ಟು ಸರ್ವೆ ನಂಬರ್ ಮಾತ್ರ ಕೊಡುವಂತೆ ಮಾತನಾಡಿ. ನಮ್ಮ ಭಾಗದಲ್ಲಿ ಇಲ್ಲೊಂದು ತೊಡಕು ಎದುರಾಗುತ್ತದೆ: ಎಷ್ಟೋ ಮನೆಗಳಲ್ಲಿ ಪಹಣಿ ಇನ್ನೂ ಅಜ್ಜನ ಹೆಸರಿನಲ್ಲೇ ಇದೆ. ತೀರಿಹೋದವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಿಸುವ ಪೌತಿ ಖಾತೆ ಆಗದೆ ಸಾಲವೂ ಸಿಗುವುದಿಲ್ಲ, ಸಹಾಯಧನಕ್ಕೆ ಬೇಕಾದ ರೈತರ ಗುರುತಿನ (ಎಫ್‌ಐಡಿ) ಸಂಖ್ಯೆಯಲ್ಲಿ ಆ ಹೊಲವೂ ಬರುವುದಿಲ್ಲ. ಗಾಡಿ ನೋಡುವುದಕ್ಕಿಂತ ಮೊದಲು ಈ ಕೆಲಸ ಮುಗಿಸಿಕೊಳ್ಳಿ.

ಸಹಾಯಧನ

ಕೃಷಿ ಯಾಂತ್ರೀಕರಣ ಯೋಜನೆಯಲ್ಲಿ ಸಣ್ಣ ಟ್ರ್ಯಾಕ್ಟರಿಗೆ ಸಹಾಯಧನವಿದೆ. ಸಾಮಾನ್ಯ ವರ್ಗದವರಿಗಿಂತ ಪರಿಶಿಷ್ಟ ಜಾತಿ ಮತ್ತು ಪಂಗಡದ ರೈತರಿಗೆ ಹೆಚ್ಚು ಮೊತ್ತ. ಆ ವರ್ಷದ ಮೊತ್ತ ಮತ್ತು ನಿಮ್ಮ ಹೋಬಳಿಯ ಗುರಿ ಎಷ್ಟು ಎಂಬುದು ರೈತ ಸಂಪರ್ಕ ಕೇಂದ್ರದಲ್ಲಿ ತಿಳಿಯುತ್ತದೆ, ತೋಟಗಾರಿಕೆ ಇಲಾಖೆಯಲ್ಲೂ ವಿಚಾರಿಸಿ. ಅರ್ಜಿ ಇಲಾಖೆಯ ಕೆ-ಕಿಸಾನ್ ಜಾಲತಾಣದ ಮೂಲಕ ಹೋಗುತ್ತದೆ. ಇಲಾಖೆಯ ಪಟ್ಟಿಯಲ್ಲಿರುವ ಮಾದರಿಗೆ ಮಾತ್ರ ಹಣ. ಮಂಜೂರಾತಿ ಬರುವ ಮೊದಲೇ ಗಾಡಿ ತಂದು ನಿಲ್ಲಿಸಿದರೆ ಸಹಾಯಧನದ ಆಸೆ ಬಿಡಬೇಕು. ಸಹಾಯಧನ ಬಂದ ಮೇಲೆ ತೀರಿಸುತ್ತೇನೆ ಎಂದು ಕೈಗಡ ಮಾಡಬೇಡಿ. ಅಂಗಡಿಯಲ್ಲಿ ಸಹಾಯಧನ ಸಹಿತ ಬೆಲೆ ಮತ್ತು ಸಹಾಯಧನವಿಲ್ಲದ ಬೆಲೆ ಎರಡನ್ನೂ ಬೇರೆ ಬೇರೆ ಬರೆಸಿಕೊಳ್ಳಿ. ಒಂದರ ರಿಯಾಯಿತಿ ಇನ್ನೊಂದರಲ್ಲಿ ಕಾಣೆಯಾಗಿಲ್ಲವೇ ಎಂಬುದು ಆಗ ಗೊತ್ತಾಗುತ್ತದೆ.

ಯಾವ ತಿಂಗಳ ಕಂತು

ಶೇ 9ರ ಬ್ಯಾಂಕ್ ಸಾಲದಲ್ಲಿ ವರ್ಷಕ್ಕೆ ಎರಡು ಕಂತು ಸೇರಿ 1,01,000 ರೂಪಾಯಿ. 2025–26ರ ತೊಗರಿ ಬೆಂಬಲ ಬೆಲೆ ಕ್ವಿಂಟಲಿಗೆ 8,000. ಅಂದರೆ ಹನ್ನೆರಡೂವರೆ ಕ್ವಿಂಟಲಿಗಿಂತ ಹೆಚ್ಚು ತೊಗರಿ ಬರಿ ಕಂತಿಗೇ ಹೋಗುತ್ತದೆ. ಎಕರೆಗೆ ನಾಲ್ಕು ಕ್ವಿಂಟಲ್ ಬಂದರೆ ಮೂರು ಎಕರೆಗೂ ಹೆಚ್ಚಿನ ಫಸಲು, ಬೀಜ ಗೊಬ್ಬರದ ಖರ್ಚು ಕಳೆಯುವ ಮೊದಲೇ. ಆ ಮೂರು ಎಕರೆಯನ್ನು ಐದು ವರ್ಷ ಕಂತಿಗೆ ಬಿಟ್ಟು ಉಳಿದದ್ದರಲ್ಲಿ ಮನೆ ನಡೆಯುತ್ತದೆಯೇ? ಮನೆಯವರೆಲ್ಲ ಕುಳಿತು ಉತ್ತರಿಸಬೇಕಾದ ಪ್ರಶ್ನೆ ಇದು.

ಮೊತ್ತದಷ್ಟೇ ಕಂತಿನ ತಿಂಗಳೂ ಮುಖ್ಯ. ತೊಗರಿಯ ಹಣ ಬರುವುದು ಜನವರಿ, ಫೆಬ್ರುವರಿಯಲ್ಲಿ. ಫೆಬ್ರುವರಿಯಲ್ಲಿ ಸಾಲ ತೆಗೆದರೆ ಅರ್ಧವಾರ್ಷಿಕ ಕಂತು ಆಗಸ್ಟಿಗೆ ಬರುತ್ತದೆ. ಆಗಸ್ಟಿನಲ್ಲಿ ತೊಗರಿ ಬೆಳೆಗಾರನ ಕೈಯಲ್ಲಿ ಏನಿರುತ್ತದೆ? ಬೀಜ, ಗೊಬ್ಬರ, ಕಳೆಯ ಕೂಲಿಗೆಂದು ಎಲ್ಲ ಹಾಕಿ ಖಾಲಿಯಾಗಿರುತ್ತದೆ. ಆ ಕಂತು ಕಟ್ಟಲು ಅಡತಿ ಅಂಗಡಿಯಿಂದಲೋ ಪರಿಚಿತರಿಂದಲೋ ತಿಂಗಳಿಗೆ ನೂರಕ್ಕೆ ಎರಡು ಮೂರು ರೂಪಾಯಿ ಬಡ್ಡಿಗೆ ಹಣ ತಂದರೆ ಬ್ಯಾಂಕಿನ ಕಡಿಮೆ ಬಡ್ಡಿಯಿಂದ ಬಂದ ಲಾಭ ಅಲ್ಲಿಗೇ ಮುಗಿಯಿತು. ತೊಗರಿಯೊಂದನ್ನೇ ನಂಬಿದವರು ಫೆಬ್ರುವರಿ ಕೊನೆಗೆ ವರ್ಷಕ್ಕೊಂದೇ ಕಂತು ಕೇಳಲಿ. ಜೊತೆಗೆ ಹೆಸರು, ಉದ್ದು ಹಾಕುವವರು ಎರಡನೆಯ ಕಂತನ್ನು ಅಕ್ಟೋಬರಿಗೆ ಇಡಿಸಿಕೊಳ್ಳಲಿ. ಬೀದರಿನ ಸೋಯಾ ಬೆಳೆಗಾರರಿಗೆ ನವೆಂಬರ್ ಅನುಕೂಲ. ಕಬ್ಬಿನವರು ಕಾರ್ಖಾನೆಯ ಬಿಲ್ಲು ತಡವಾಗುವುದನ್ನೂ ಹಿಡಿದು ತಿಂಗಳು ಆರಿಸಬೇಕು. ಕಾಲುವೆ ನೀರಿನಲ್ಲಿ ಎರಡು ಭತ್ತ ತೆಗೆಯುವವರಿಗೆ ಜನವರಿ ಮತ್ತು ಜೂನ್ ಹೊಂದುತ್ತದೆ. ಕಂತನ್ನು ಬೆಳೆಗೆ ಹೊಂದಿಸಿ ಕೇಳುವುದು ದಾಕ್ಷಿಣ್ಯ ಬೇಡುವುದಲ್ಲ, ಕೃಷಿ ಸಾಲದಲ್ಲಿ ಅದು ನಡೆದು ಬಂದ ಪದ್ಧತಿ. ಆದರೆ ಮಂಜೂರಾತಿಗೆ ಮೊದಲೇ ಕೇಳಬೇಕು. ಸಹಿ ಆದ ಮೇಲೆ ಬದಲಿಸುವುದು ಕಷ್ಟ.

ಇನ್ನು ಕೆಟ್ಟ ವರ್ಷದ ಮಾತು. 2022ರ ಹಂಗಾಮಿನಲ್ಲಿ ನೆಟೆ ರೋಗ ಬಿದ್ದು ಕಲಬುರಗಿ ಜಿಲ್ಲೆಯಲ್ಲಿ ನಿಂತ ತೊಗರಿ ನಿಂತಲ್ಲೇ ಒಣಗಿತು. 2025ರಲ್ಲಿ ಅತಿವೃಷ್ಟಿಯೂ ಭೀಮಾ ನದಿಯ ಪ್ರವಾಹವೂ ಸೇರಿ ಬೆಳೆ ಕೊಚ್ಚಿಹೋಯಿತು. ಐದು ವರ್ಷದ ಸಾಲದಲ್ಲಿ ಇಂಥ ಒಂದು ವರ್ಷ ಬರುತ್ತದೆ ಎಂದು ಹಿಡಿದೇ ಹೆಜ್ಜೆ ಇಡಬೇಕು. ಕೈಯಲ್ಲಿರುವ ಹಣವನ್ನೆಲ್ಲ ಮುಂಗಡಕ್ಕೆ ಸುರಿಯದೆ ಒಂದು ಕಂತಿನಷ್ಟನ್ನು ಬೇರೆ ಖಾತೆಯಲ್ಲಿ ಇಟ್ಟುಬಿಡಿ. ಅದಕ್ಕಾಗಿ 28 ಎಚ್‌ಪಿಯ ಬದಲು 24ಕ್ಕೆ ಇಳಿಯಬೇಕಾದರೂ ಇಳಿಯಿರಿ, ಅಥವಾ ರೋಟವೇಟರನ್ನು ಎರಡನೆಯ ವರ್ಷಕ್ಕೆ ಮುಂದೂಡಿ. ಬೆಳೆ ವಿಮೆಯ ಕಂತು ತಪ್ಪಿಸಬೇಡಿ. ಬೆಳೆ ಹೋದ ವರ್ಷ ಬ್ಯಾಂಕಿನವರ ಫೋನು ತಪ್ಪಿಸಿಕೊಂಡು ತಿರುಗುವುದಕ್ಕಿಂತ, ಕಂತಿನ ದಿನಕ್ಕೆ ಮೊದಲೇ ಬೆಳೆಹಾನಿಯ ದಾಖಲೆ ಹಿಡಿದು ಹೋಗಿ ಸಾಲದ ಅವಧಿ ವಿಸ್ತರಿಸಿ ಎಂದು ಲಿಖಿತವಾಗಿ ಕೇಳುವುದು ಒಳಿತು. ಸರ್ಕಾರ ಪ್ರಕೃತಿ ವಿಕೋಪ ಘೋಷಿಸಿದ ಪ್ರದೇಶದಲ್ಲಿ ಇದಕ್ಕೆ ಅವಕಾಶವಿರುತ್ತದೆ.

ಕೊನೆಯ ಕಂತು ಕಟ್ಟಿದ ದಿನವೇ ಸಾಲ ಪೂರ್ತಿ ತೀರಿದಂತಲ್ಲ. ಬ್ಯಾಂಕಿನಿಂದ ಬೇಬಾಕಿ ಪತ್ರ ಮತ್ತು ಸಹಿ ಮಾಡಿದ ಫಾರ್ಮ್ 35 ಪಡೆದು, ಗಾಡಿ ನೋಂದಣಿಯಾದ ಆರ್‌ಟಿಒ ಕಚೇರಿಯಲ್ಲಿ ಕೊಟ್ಟು, ಆರ್‌ಸಿಯಿಂದ ಸಾಲದಾತರ ಹೆಸರು ತೆಗೆಸಬೇಕು. ಹೊಲ ಅಡವಿಟ್ಟಿದ್ದರೆ ಅಡಮಾನ ಬಿಡುಗಡೆ ಪತ್ರವನ್ನು ಉಪನೋಂದಣಿ ಕಚೇರಿಯಲ್ಲಿ ದಾಖಲಿಸಿ, ತಿಂಗಳೊಪ್ಪತ್ತು ಬಿಟ್ಟು ಹೊಸ ಪಹಣಿ ತೆಗೆಸಿ 11ನೇ ಕಾಲಂ ನೋಡಿ. ಅಲ್ಲಿ ಬ್ಯಾಂಕಿನ ಬೋಜಾ, ಅಂದರೆ ಸಾಲದ ನಮೂದು, ಹಾಗೆಯೇ ಉಳಿದಿದ್ದರೆ ಮುಂದಿನ ಬೆಳೆ ಸಾಲಕ್ಕೆ ಹೋದಾಗ ತೀರಿಸಿದ ಸಾಲವೇ ಅಡ್ಡ ಬರುತ್ತದೆ.